ಮಕ್ಕಳಿಗೆ ಟೇಬಲ್ ಟೆನಿಸ್ ಕಲಿಸುವವರಿಗೆ: ಮೊದಲ ದಿನದಿಂದಲೇ ನ್ಯಾಯದ ಆಟ

ಟಿಟಿ ಕಲಿಸುವ ನಾವು ಫೋರ್‌ಹ್ಯಾಂಡ್‌ಗೆ ತಿಂಗಳುಗಟ್ಟಲೆ ಸಮಯ ಕೊಡುತ್ತೇವೆ. ನ್ಯಾಯವಾಗಿ ಆಡುವುದನ್ನು ಮಾತ್ರ ಟೂರ್ನಿಯ ಹಿಂದಿನ ದಿನ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. "ಮೋಸ ಮಾಡಬೇಡಿ, ಅಂಪೈರ್ ಜೊತೆ ಜಗಳ ಬೇಡ." ಅಷ್ಟೇ. ಇದು ಸಾಲುವುದಿಲ್ಲ. ಒಂಬತ್ತು ವರ್ಷದ ಮಗು ಗೇಮ್ ಮುಗಿಯುವ ಹೊತ್ತಿಗೆ 9-9ರಲ್ಲಿ ನಿಂತಿದೆ, ಎದುರಾಳಿಯ ಚೆಂಡು ತನ್ನ ಕಡೆ ಅಂಚಿಗೆ ತಾಗಿ ಹೋಯಿತು, ಯಾರೂ ನೋಡಲಿಲ್ಲ. ಆಗ ಆ ಮಗು ತಾನಾಗಿ "ತಾಗ್ತು" ಅಂತ ಹೇಳಬೇಕಾದರೆ ಅದು ದಿನದಿನದ ಅಭ್ಯಾಸವಾಗಿರಬೇಕು. ಉಪದೇಶದಿಂದ ಬರುವುದಲ್ಲ ಅದು.

ಶಾಲೆಯಲ್ಲೋ, ಬಡಾವಣೆಯ ಕ್ಲಬ್‌ನಲ್ಲೋ, ಅಪಾರ್ಟ್‌ಮೆಂಟಿನ ಹಾಲ್‌ನಲ್ಲೋ ಎರಡು ಮೂರು ಟೇಬಲ್ ಇಟ್ಟುಕೊಂಡು ಮಕ್ಕಳಿಗೆ ಕಲಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಟ್ರೋಕ್‌ಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ಅದನ್ನು ಬೇಗ ದಾಟಿ, ಯಾರೂ ಹಂತಹಂತವಾಗಿ ಹೇಳಿಕೊಡದ ವಿಷಯಗಳಿಗೆ ಜಾಸ್ತಿ ಜಾಗ ಕೊಡುತ್ತೇನೆ.

ಹಂತ 1: ಟೇಬಲ್ ಯಾರಿಗೆ ಎಷ್ಟು ಹೊತ್ತು ಅನ್ನುವುದನ್ನು ಮೊದಲು ಸರಿ ಮಾಡಿ

ನ್ಯಾಯ ಶುರುವಾಗುವುದು ಮಕ್ಕಳಿಂದಲ್ಲ, ಕೋಚ್‌ನಿಂದ. ಹನ್ನೆರಡು ಮಕ್ಕಳು, ಮೂರು ಟೇಬಲ್ ಅಂದುಕೊಳ್ಳಿ. ಎಲ್ಲ ಕಡೆ ನಡೆಯುವ ಪದ್ಧತಿ ಏನು? ಗೆದ್ದವನು ಟೇಬಲ್‌ನಲ್ಲೇ ಇರುತ್ತಾನೆ, ಸೋತವನು ಹೊರಗೆ ಬಂದು ಕಾಯುತ್ತಾನೆ. ಮಕ್ಕಳಿಗೂ ಇದು ಇಷ್ಟ. ಆದರೆ ಲೆಕ್ಕ ಹಾಕಿ ನೋಡಿ: ಈಗಾಗಲೇ ಚೆನ್ನಾಗಿ ಆಡುವ ಮಗುವಿಗೇ ಅತಿ ಹೆಚ್ಚು ಆಟ ಸಿಗುತ್ತದೆ, ಅಭ್ಯಾಸ ಯಾರಿಗೆ ಜಾಸ್ತಿ ಬೇಕೋ ಅವರು ಬೆಂಚಿನ ಮೇಲೆ ಕೂತಿರುತ್ತಾರೆ. ಆರು ತಿಂಗಳಾದ ಮೇಲೆ "ಇವನಿಗೆ ಪ್ರತಿಭೆ ಇದೆ, ಅವಳಿಗೆ ಇಲ್ಲ" ಅಂತ ನಾವೇ ತೀರ್ಪು ಕೊಡುತ್ತೇವೆ. ಅಷ್ಟು ದಿನ ಇಬ್ಬರೂ ಸಮನಾಗಿ ಆಡಿಯೇ ಇರುವುದಿಲ್ಲ.

ಅದರ ಬದಲು ಏಣಿ ಪದ್ಧತಿ ಮಾಡಿ. ಟೇಬಲ್‌ಗಳಿಗೆ 1, 2, 3 ಅಂತ ಸಂಖ್ಯೆ ಕೊಡಿ. ಐದು ನಿಮಿಷಕ್ಕೊಮ್ಮೆ ಸೀಟಿ ಊದಿ. ಆ ಹೊತ್ತಿಗೆ ಅಂಕದಲ್ಲಿ ಮುಂದಿರುವವರು ಮೇಲಿನ ಟೇಬಲ್‌ಗೆ, ಹಿಂದಿರುವವರು ಕೆಳಗಿನ ಟೇಬಲ್‌ಗೆ. ಆಡದ ಆರು ಮಕ್ಕಳು ಸುಮ್ನೆ ಕೂರುವುದಿಲ್ಲ, ಪ್ರತಿ ಟೇಬಲ್‌ಗೆ ಇಬ್ಬರು ನಿಂತು ಅಂಪೈರ್ ಕೆಲಸ ಮಾಡುತ್ತಾರೆ: ಒಬ್ಬರು ಸ್ಕೋರ್ ಕೂಗಬೇಕು, ಇನ್ನೊಬ್ಬರು ಸರ್ವೀಸ್ ನೋಡಬೇಕು. ಮುಂದಿನ ಸುತ್ತಿನಲ್ಲಿ ಈಗ ಆಡಿದವರು ಅಂಪೈರ್, ಅಂಪೈರ್ ಆಗಿದ್ದವರು ಆಟಗಾರರು. ಎಲ್ಲರಿಗೂ ಆಟವೂ ಸಮ, ಅಂಪೈರಿಂಗೂ ಸಮ.

ಡ್ರಿಲ್ ಮಾಡುವಾಗ ಒಂದು ಟೇಬಲ್‌ನಲ್ಲಿ ನಾಲ್ವರನ್ನು ನಿಲ್ಲಿಸಬಹುದು. ಒಂದು ಜೋಡಿ ಫೋರ್‌ಹ್ಯಾಂಡ್ ಕಡೆಯಿಂದ ಅಡ್ಡಡ್ಡ, ಇನ್ನೊಂದು ಜೋಡಿ ಬ್ಯಾಕ್‌ಹ್ಯಾಂಡ್ ಕಡೆಯಿಂದ ಅಡ್ಡಡ್ಡ. ಆಗೊಮ್ಮೆ ಈಗೊಮ್ಮೆ ಚೆಂಡುಗಳು ಡಿಕ್ಕಿ ಹೊಡೆಯುತ್ತವೆ, ಪರವಾಗಿಲ್ಲ. ಎಡಗೈ ಆಟಗಾರರಿದ್ದರೆ ಜೋಡಿಗಳನ್ನು ಬದಲಿಸುತ್ತಾ ಇರಿ. ಎಡಗೈಯವರ ಎದುರು ಆಡಿ ಗೊತ್ತಿಲ್ಲದ ಮಗು ಟೂರ್ನಿಯಲ್ಲಿ ಕಂಗಾಲಾಗುತ್ತದೆ.

ತುಂಬಾ ವ್ಯತ್ಯಾಸ ಇರುವ ಇಬ್ಬರು ಆಡುವಾಗ ಚಿಕ್ಕವರಿಗೆ 4-0 ಮುಂಗಡ ಕೊಡಿ. ದೊಡ್ಡವರಿಗೂ ಆಗ ಗಮನ ಇಟ್ಟು ಆಡಲೇಬೇಕಾಗುತ್ತದೆ. ಇನ್ನೊಂದು ಮಾತು: ಹುಡುಗಿಯರನ್ನು ಬೇರೆ ಮೂಲೆಯ ಟೇಬಲ್‌ಗೆ ಕಳಿಸಬೇಡಿ. ಈ ವಯಸ್ಸಿನಲ್ಲಿ ಎಲ್ಲರೂ ಬೆರೆತು ಆಡಿದರೆ ಎಲ್ಲರ ಆಟವೂ ಬೆಳೆಯುತ್ತದೆ.

ಹಂತ 2: ಸರ್ವೀಸ್. ಇಲ್ಲಿ ಅವಸರ ಬೇಡವೇ ಬೇಡ

ಟಿಟಿಯಲ್ಲಿ ಅತಿ ಹೆಚ್ಚು ಜಗಳ ಆಗುವುದು ಸರ್ವೀಸ್ ಬಗ್ಗೆ. ಸಣ್ಣ ಮಕ್ಕಳು ಚೆಂಡನ್ನು ಬೆರಳಲ್ಲಿ ಹಿಡಿದುಕೊಂಡು ಕೈಯಿಂದಲೇ ನೇರವಾಗಿ ಹೊಡೆದುಬಿಡುತ್ತಾರೆ. "ಇನ್ನೂ ಚಿಕ್ಕವನು, ಆಮೇಲೆ ತಿದ್ದೋಣ" ಅಂತ ಬಿಡುತ್ತೇವೆ. ಎರಡು ವರ್ಷ ಕಳೆದು ಜಿಲ್ಲಾ ಟೂರ್ನಿಗೆ ಹೋದಾಗ ಅಂಪೈರ್ ಫಾಲ್ಟ್ (ತಪ್ಪು ಸರ್ವೀಸ್) ಮೇಲೆ ಫಾಲ್ಟ್ ಕೊಡುತ್ತಾರೆ, ಮಗು ಅಳುತ್ತದೆ, ಅಪ್ಪ ಅಮ್ಮ ಅಂಪೈರ್ ಮೇಲೆ ಹಾಯುತ್ತಾರೆ. ತಪ್ಪು ಮಗುವಿನದೂ ಅಲ್ಲ, ಅಂಪೈರ್‌ದೂ ಅಲ್ಲ. ಕಲಿಸದೆ ಬಿಟ್ಟವರದು.

ನಿಯಮ ಹೀಗಿದೆ. ಚೆಂಡು ಬಿಚ್ಚಿದ ಅಂಗೈ ಮೇಲೆ ಸುಮ್ನೆ ಕೂತಿರಬೇಕು, ಕೈ ಅಲ್ಲಾಡಬಾರದು. ಸ್ಪಿನ್ ಕೊಡದೆ (ಚೆಂಡನ್ನು ತಿರುಗಿಸದೆ), ಹೆಚ್ಚು ಕಡಿಮೆ ನೇರವಾಗಿ ಮೇಲಕ್ಕೆ ಎಸೆಯಬೇಕು, ಅಂಗೈ ಬಿಟ್ಟ ಮೇಲೆ ಕನಿಷ್ಠ 16 ಸೆಂಟಿಮೀಟರ್ ಏರಬೇಕು. ಕೆಳಗೆ ಬರುತ್ತಿರುವಾಗಲೇ ಹೊಡೆಯಬೇಕು. ಶುರುವಿನಿಂದ ಹೊಡೆಯುವವರೆಗೂ ಚೆಂಡು ಟೇಬಲ್ ಮಟ್ಟಕ್ಕಿಂತ ಮೇಲೆ, ತನ್ನ ಕಡೆಯ ಎಂಡ್ ಲೈನ್‌ನ (ಟೇಬಲ್‌ನ ಹಿಂಬದಿ ಅಂಚಿನ) ಹಿಂದೆ ಇರಬೇಕು. ಎಸೆದ ಕೂಡಲೇ ಖಾಲಿ ಕೈಯನ್ನು ಚೆಂಡಿಗೂ ನೆಟ್‌ಗೂ ನಡುವಿನಿಂದ ತೆಗೆಯಬೇಕು. ಎದುರಾಳಿಗೆ ಚೆಂಡು ಪೂರ್ತಿ ಹೊತ್ತು ಕಾಣಬೇಕು, ಮೈ, ಕೈ, ಬಟ್ಟೆ ಯಾವುದೂ ಅಡ್ಡ ಬರಬಾರದು.

ಇದನ್ನು ಒಂದೇ ದಿನ ಹೇಳಿದರೆ ಮಗುವಿಗೆ ತಲೆಗೆ ಹೋಗುವುದಿಲ್ಲ. ಒಂದೊಂದಾಗಿ ಕಲಿಸಿ.

ಮೊದಲ ವಾರ ಬ್ಯಾಟ್ ಬೇಡ, ಬರೀ ಎಸೆತ. ನೆಟ್‌ನ ಎತ್ತರ 15.25 ಸೆಂಟಿಮೀಟರ್. ಹಾಗಾಗಿ ಅಳತೆಪಟ್ಟಿ ಹುಡುಕುವ ಅಗತ್ಯವೇ ಇಲ್ಲ. ಮಗುವನ್ನು ನೆಟ್ ಪಕ್ಕ ನಿಲ್ಲಿಸಿ, ಅಂಗೈಯನ್ನು ಟೇಬಲ್ ಮಟ್ಟದಲ್ಲಿ ಹಿಡಿಸಿ, ಚೆಂಡು ನೆಟ್‌ಗಿಂತ ಸ್ವಲ್ಪ ಮೇಲೆ ಹೋಗುವ ಹಾಗೆ ಎಸೆಯಲು ಹೇಳಿ. ಚೆಂಡು ವಾಪಸ್ ಅದೇ ಅಂಗೈ ಮೇಲೆ ಬೀಳಬೇಕು. ಬಿದ್ದರೆ ಎಸೆತ ನೇರ ಇದೆ ಅಂತ ಅರ್ಥ. ನಾನಂತೂ ಮಕ್ಕಳಿಗೆ ನೆಟ್‌ಗಿಂತ ಎರಡು ಪಟ್ಟು ಎತ್ತರ ಎಸೆಯಲು ಹೇಳುತ್ತೇನೆ. ಪಂದ್ಯದ ಒತ್ತಡದಲ್ಲಿ ಎಸೆತ ತಾನಾಗಿ ಗಿಡ್ಡವಾಗುತ್ತದೆ, ಅಷ್ಟು ಮುಂಗಡ ಇದ್ದರೆ ಆಗಲೂ ನಿಯಮದ ಒಳಗೇ ಇರುತ್ತದೆ.

ಆಮೇಲೆ ನಿಲ್ಲುವುದನ್ನು ಕಲಿಸಿ. ಚೆಂಡು ಅಂಗೈ ಮೇಲೆ, ಒಂದು ಉಸಿರು, ನಂತರ ಎಸೆತ. ಇದೊಂದು ಅಭ್ಯಾಸ ಬಂದರೆ ಅರ್ಧ ಫಾಲ್ಟ್‌ಗಳು ಮಾಯ. ಮಗುವಿನ ಮನಸ್ಸೂ ತಣ್ಣಗಾಗುತ್ತದೆ.

ಬ್ಯಾಟ್ ಸೇರಿಸಿದ ಮೇಲೆ ಮೊಬೈಲ್ ತೆಗೆಯಿರಿ. ಒಂದು ವಿಡಿಯೊ ಅಂಪೈರ್ ಕೂರುವ ಜಾಗದಿಂದ, ಇನ್ನೊಂದು ಎದುರಾಳಿ ನಿಲ್ಲುವ ಜಾಗದಿಂದ. ಎರಡನೆಯದು ಮುಖ್ಯ. ಹೊಡೆಯುವ ಕ್ಷಣದಲ್ಲಿ ಚೆಂಡು ಭುಜದ ಹಿಂದೆಯೋ ಮೊಳಕೈ ಹಿಂದೆಯೋ ಮರೆಯಾದರೆ ಮಗುವಿಗೇ ತೋರಿಸಿ. ಹೇಳಿದ್ದು ಮರೆಯಬಹುದು, ಕಂಡದ್ದು ಮರೆಯುವುದಿಲ್ಲ.

ಮರೆಮಾಚಿದ ಸರ್ವೀಸ್ ಯಾಕೆ ತಪ್ಪು ಅನ್ನುವುದನ್ನೂ ಬಿಡಿಸಿ ಹೇಳಿ. ಬ್ಯಾಟ್ ಚೆಂಡಿನ ಕೆಳಗೆ ಉಜ್ಜಿತೋ, ಪಕ್ಕದಲ್ಲಿ ಉಜ್ಜಿತೋ ಅನ್ನುವುದನ್ನು ನೋಡಿಯೇ ಎದುರಾಳಿ ಸ್ಪಿನ್ ಅಂದಾಜು ಮಾಡುವುದು. ಅದೇ ಕಾಣದಿದ್ದರೆ ಆಟವೇ ಇಲ್ಲ, ಬರೀ ಊಹೆ. ಅದಕ್ಕಾಗಿಯೇ 2002ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ಈ ನಿಯಮವನ್ನು ಬಿಗಿ ಮಾಡಿತು. "ಅಂಪೈರ್ ಹಿಡಿಯದಷ್ಟು ಮಾತ್ರ ಮರೆಮಾಡು" ಅಂತ ಕಲಿಸುವ ಕೋಚ್‌ಗಳೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಣ್ಣ ವಯಸ್ಸಿನಲ್ಲಿ ಇದರಿಂದ ಸುಲಭವಾಗಿ ಪಾಯಿಂಟ್ ಬರುತ್ತದೆ ನಿಜ. ಆದರೆ ಕಟ್ಟುನಿಟ್ಟಿನ ಅಂಪೈರ್ ಸಿಕ್ಕ ದಿನ ಆ ಮಗುವಿನ ಹತ್ತಿರ ಬೇರೆ ಸರ್ವೀಸೇ ಇರುವುದಿಲ್ಲ.

ಕೊನೆಗೆ, ಅಭ್ಯಾಸ ಪಂದ್ಯಗಳಲ್ಲೂ ಫಾಲ್ಟ್ ಕೂಗಿ. ನಿಯಮದ ಪ್ರಕಾರ ಅನುಮಾನ ಬಂದರೆ ಅಂಪೈರ್ ಮೊದಲ ಸಲ ಲೆಟ್ (ಆ ಪಾಯಿಂಟ್ ಲೆಕ್ಕಕ್ಕಿಲ್ಲ, ಮತ್ತೆ ಆಡುವುದು) ಕೊಟ್ಟು ಎಚ್ಚರಿಸಬಹುದು, ಅದೇ ಪಂದ್ಯದಲ್ಲಿ ಮತ್ತೆ ಅನುಮಾನ ಬಂದರೆ ಪಾಯಿಂಟ್ ಎದುರಾಳಿಗೆ. ಸ್ಪಷ್ಟವಾಗಿ ತಪ್ಪಿದ್ದರೆ ಎಚ್ಚರಿಕೆಯೂ ಇಲ್ಲ, ನೇರ ಪಾಯಿಂಟ್ ಹೋಗುತ್ತದೆ. ಮಕ್ಕಳೇ ಮಕ್ಕಳಿಗೆ ಹೀಗೆ ಕೂಗಿ ಅಭ್ಯಾಸ ಆದರೆ ಹೊರಗಿನ ಅಂಪೈರ್ ಕೈ ಎತ್ತಿದಾಗ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ಹಂತ 3: ಅಂಚು, ಲೆಟ್, ಸ್ಕೋರ್

ಟೇಬಲ್‌ನ ಮೇಲಂಚಿಗೆ ತಾಗಿದರೆ ಚೆಂಡು ಒಳಗೆ. ಅಂಚಿನ ಕೆಳಗಿನ ಪಕ್ಕಕ್ಕೆ ತಾಗಿದರೆ ಹೊರಗೆ. ಹೇಳುವುದು ಸುಲಭ, ನೋಡುವುದು ಕಷ್ಟ. ಅದಕ್ಕೆ ಒಂದು ದಿನ ಇದನ್ನೇ ಪಾಠ ಮಾಡಿ. ನೀವು ಚೆಂಡನ್ನು ಬೇಕೆಂದೇ ಅಂಚಿಗೂ ಪಕ್ಕಕ್ಕೂ ತಾಗಿಸಿ ಎಸೆಯಿರಿ, ಮಕ್ಕಳು ಸುತ್ತ ನಿಂತು "ಒಳಗೆ", "ಹೊರಗೆ" ಅಂತ ಕೂಗಲಿ. ಚೆಂಡು ತಾಗಿ ಮೇಲಕ್ಕೆ ಚಿಮ್ಮಿದರೆ ಬಹುತೇಕ ಮೇಲಂಚು, ಕೆಳಕ್ಕೆ ಹೋದರೆ ಪಕ್ಕ. ಯಾವ ದಿಕ್ಕಿನಿಂದ ಬಂತು ಅನ್ನುವುದನ್ನೂ ನೋಡಬೇಕು. ಅರ್ಧ ಗಂಟೆಯಲ್ಲಿ ಅವರ ಕಣ್ಣು ಪಳಗುತ್ತದೆ. ಎಷ್ಟೋ ಸಲ ಮಕ್ಕಳು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ನಿಜವಾಗಿ ಕಂಡಿರುವುದೇ ಇಲ್ಲ. ಗೆಲ್ಲಬೇಕು ಅನ್ನುವ ಆಸೆ ಕಾಣದ ಜಾಗವನ್ನು ತುಂಬಿಬಿಡುತ್ತದೆ, ಅಲ್ವಾ?

ಅಂಪೈರ್ ಇಲ್ಲದ ಪಂದ್ಯದಲ್ಲಿ ನಮ್ಮ ಹಾಲ್‌ನ ಪದ್ಧತಿ ಇದು. ಚೆಂಡು ಯಾರ ಕಡೆ ಬಿತ್ತೋ ಅವರೇ ಹೇಳಬೇಕು. ಗೊತ್ತಾಗದಿದ್ದರೆ ಲೆಟ್, ಮತ್ತೆ ಆಡಿ.

"ತಾಗ್ತಾ ಪುಟ್ಟಾ?"
"ಗೊತ್ತಾಗ್ಲಿಲ್ಲ ಸರ್."
"ಸರಿ, ಲೆಟ್ ಆಡಿ."

ಇಷ್ಟಕ್ಕೇ ಮುಗಿಸಿ. ವಿಚಾರಣೆ ಬೇಡ.

ದೊಡ್ಡ ಮಕ್ಕಳಿಗೆ ಜರ್ಮನಿಯ ಟಿಮೊ ಬೋಲ್ ಕಥೆ ಹೇಳಿ. 2005ರ ವಿಶ್ವ ಚಾಂಪಿಯನ್‌ಷಿಪ್, ಶಾಂಘೈ. ಕೊನೆಯ ಹದಿನಾರರ ಸುತ್ತಿನಲ್ಲಿ ಚೀನಾದ ಲಿಯು ಗುವೊಝೆಂಗ್ ಎದುರು, ಏಳನೇ ಗೇಮ್, ಬೋಲ್‌ಗೆ ಮ್ಯಾಚ್ ಪಾಯಿಂಟ್. ಲಿಯು ಹೊಡೆದ ಚೆಂಡು ಹೊರಗೆ ಅಂತ ತೀರ್ಪು ಬಂತು, ಅಂದರೆ ಬೋಲ್ ಗೆದ್ದ ಹಾಗೆ. ಬೋಲ್ ತಾನೇ ಮುಂದೆ ಬಂದು ಅಂಚಿಗೆ ತಾಗಿತ್ತು ಅಂತ ತೋರಿಸಿದರು. ಆಟ ಮುಂದುವರಿಯಿತು, ಅವರು ಸೋತರು. ಆ ವರ್ಷದ ಫೇರ್ ಪ್ಲೇ ಪ್ರಶಸ್ತಿ ಅವರಿಗೆ ಸಿಕ್ಕಿತು. ಸೋತದ್ದನ್ನು ಬಿಟ್ಟು ಕಥೆ ಹೇಳಬೇಡಿ. ನಿಜ ಹೇಳಿದರೆ ಗೆಲುವು ಬಂದೇ ಬರುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿದರೆ ಮೊದಲ ಸೋಲಿನಲ್ಲೇ ಅವರು ನಿಮ್ಮ ಮಾತು ನಂಬುವುದನ್ನು ಬಿಡುತ್ತಾರೆ.

ಸ್ಕೋರ್ ಜೋರಾಗಿ ಕೂಗುವುದು ಕಡ್ಡಾಯ ಮಾಡಿ, ಸರ್ವೀಸ್ ಮಾಡುವವರ ಅಂಕ ಮೊದಲು. ಎಷ್ಟೋ ಸ್ಥಳೀಯ ಟೂರ್ನಿಗಳಲ್ಲಿ ಮೊದಲ ಸುತ್ತುಗಳಲ್ಲಿ ಸೋತ ಮಗುವೇ ಮುಂದಿನ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲಬೇಕಾಗುತ್ತದೆ. ಆಗ ತಾನೇ ಸೋತು ಕಣ್ಣಲ್ಲಿ ನೀರು ತುಂಬಿರುವ ಮಗು ಅದು. ಏಣಿ ಪದ್ಧತಿಯಲ್ಲಿ ಅಂಪೈರಿಂಗ್ ಅಭ್ಯಾಸ ಆಗಿದ್ದರೆ ಆ ಹೊತ್ತಿನಲ್ಲೂ ಕೈತಪ್ಪದೆ ಮಾಡುತ್ತದೆ.

ನೆಟ್ ಅಥವಾ ಅಂಚಿನಿಂದ ಪಾಯಿಂಟ್ ಸಿಕ್ಕಾಗ ಕೈ ಎತ್ತಿ ಕ್ಷಮೆ ಕೇಳುವ ರೂಢಿ ಇದೆ. ನಿಯಮವಲ್ಲ, ಮರ್ಯಾದೆ. ಕಲಿಸಿ. ಅಂಥ ಪಾಯಿಂಟ್‌ಗೆ ಮುಷ್ಟಿ ಬಿಗಿದು ಕೂಗುವುದನ್ನು ಮೊದಲ ಸಲವೇ ನಿಲ್ಲಿಸಿ.

ಹಂತ 4: ಬ್ಯಾಟು, ರಬ್ಬರು

ಬ್ಯಾಟ್‌ನ ಒಂದು ಕಡೆ ಕಪ್ಪು ರಬ್ಬರ್, ಇನ್ನೊಂದು ಕಡೆ ಕಪ್ಪಿಗಿಂತ ಬೇರೆಯಾಗಿ ಎದ್ದು ಕಾಣುವ ಬಣ್ಣ ಇರಲೇಬೇಕು. ಮೊದಲು ಅದು ಕೆಂಪೇ ಆಗಿರಬೇಕಿತ್ತು, 2021ರ ಅಕ್ಟೋಬರ್‌ನಿಂದ ನೀಲಿ, ಹಸಿರು, ಗುಲಾಬಿ, ನೇರಳೆಗೂ ಅವಕಾಶ ಇದೆ. ಹಿಂದೆ ಎರಡೂ ಕಡೆ ಒಂದೇ ಬಣ್ಣ, ಆದರೆ ಬೇರೆ ಬೇರೆ ಗುಣದ ರಬ್ಬರ್ ಹಾಕಿ ಕೈಯಲ್ಲೇ ಬ್ಯಾಟ್ ತಿರುಗಿಸಿ ಆಡುತ್ತಿದ್ದರು, ಯಾವ ಕಡೆಯಿಂದ ಹೊಡೆದರು ಅಂತ ಎದುರಾಳಿಗೆ ಗೊತ್ತಾಗುತ್ತಿರಲಿಲ್ಲ. 1980ರ ದಶಕದಲ್ಲಿ ಎರಡು ಬಣ್ಣದ ನಿಯಮ ಬಂದದ್ದು ಅದಕ್ಕಾಗಿಯೇ. ಪಂದ್ಯದ ಮೊದಲು ಎದುರಾಳಿಯ ಬ್ಯಾಟ್ ಕೇಳಿ ಪಡೆದು ನೋಡುವುದು ಆಟಗಾರರ ಹಕ್ಕು. ನಾಚಿಕೊಂಡು ನೋಡದೆ ಹೋಗುವ ಮಕ್ಕಳೇ ಜಾಸ್ತಿ. "ಬ್ಯಾಟ್ ತೋರಿಸ್ತೀಯಾ?" ಅಂತ ಕೇಳುವುದನ್ನೂ ಅಭ್ಯಾಸ ಮಾಡಿಸಿ.

ಲಾಂಗ್ ಪಿಂಪಲ್ಸ್ (ಮೇಲೆ ಉದ್ದ ಮೊನೆಗಳಿರುವ) ರಬ್ಬರ್ ಎದುರು ಸೋತ ಮಗು ಬಂದು "ಅದು ಮೋಸ ಸರ್" ಅನ್ನುತ್ತದೆ. ಇಲ್ಲ, ಮೋಸವಲ್ಲ. ಭಾರತದ ಆಟಗಾರ್ತಿ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ನಲ್ಲಿ ಅದೇ ಥರದ ರಬ್ಬರ್ ಇಟ್ಟುಕೊಂಡು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಆ ರಬ್ಬರ್‌ಗೆ ನೀವು ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವ ಹಾಗೆ) ಹೊಡೆದರೆ ಚೆಂಡು ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ) ಆಗಿ ವಾಪಸ್ ಬರುತ್ತದೆ, ಪುಶ್ ಮಾಡಿದರೆ (ಚೆಂಡಿನ ಕೆಳಗೆ ಉಜ್ಜಿ ಮೆಲ್ಲಗೆ ತಳ್ಳಿದರೆ) ಸ್ಪಿನ್ ಇಲ್ಲದೆಯೋ ಸ್ವಲ್ಪ ಟಾಪ್‌ಸ್ಪಿನ್ ಆಗಿಯೋ ಬರುತ್ತದೆ. ನಮಗೆ ಗೊತ್ತಿಲ್ಲದ್ದು ಬೇರೆ, ಅನ್ಯಾಯ ಬೇರೆ. ಈ ವ್ಯತ್ಯಾಸ ಮಕ್ಕಳ ತಲೆಯಲ್ಲಿ ಕೂರಬೇಕು. ಹಾಲ್‌ನಲ್ಲಿ ಅಂಥ ಒಂದು ಬ್ಯಾಟ್ ಇಟ್ಟು ಎಲ್ಲರಿಗೂ ಅದರ ಎದುರು ಆಡಿಸಿ.

ನಿಜವಾದ ಮೋಸ ಬೇರೆ ಇದೆ. ರಬ್ಬರ್‌ಗೆ ಎಣ್ಣೆ, ಬೂಸ್ಟರ್ ಹಚ್ಚಿ ಅದರ ವೇಗ ಹೆಚ್ಚಿಸುವುದು. ರಬ್ಬರನ್ನು ಯಾವ ರೀತಿಯಲ್ಲೂ ಬದಲಾಯಿಸದೆ, ಬಂದ ಹಾಗೆಯೇ ಬಳಸಬೇಕು ಅನ್ನುವುದು ನಿಯಮ. ರಬ್ಬರ್ ಅಂಟಿಸಿ ವೇಗವನ್ನೂ ಹೆಚ್ಚಿಸುವ, ಘಾಟು ಆವಿ ಬರುವ ಸ್ಪೀಡ್ ಗ್ಲೂ 2008ರಿಂದಲೇ ನಿಷೇಧ, ಅದು ಆರೋಗ್ಯಕ್ಕೂ ಕೆಟ್ಟದ್ದು. ಮಕ್ಕಳ ಬ್ಯಾಟ್‌ಗೆ ನೀರಿನ ಗ್ಲೂ ಮಾತ್ರ.

ದುಡ್ಡಿನ ವಿಷಯವೂ ಇಲ್ಲೇ ಬರುತ್ತದೆ. ಒಬ್ಬನ ಬ್ಯಾಟ್‌ನಲ್ಲಿ ಆಮದಾದ ದುಬಾರಿ ರಬ್ಬರ್, ಇನ್ನೊಬ್ಬಳದ್ದು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬ್ಯಾಟ್, ರಬ್ಬರ್ ಜಾರುತ್ತದೆ. ಟೂರ್ನಿ ಆಡುವ ಮಕ್ಕಳು ಕೆಲವು ತಿಂಗಳು ಬಳಸಿ ತೆಗೆದ ರಬ್ಬರ್‌ಗಳನ್ನು ಕೇಳಿ ಪಡೆಯಿರಿ. ಹೊಸದಾಗಿ ಕಲಿಯುವವರಿಗೆ ಅದರ ಹಿಡಿತ ಸಾಕು. ಒಂದು ಡಬ್ಬಿ ಇಡಿ, ಬೇಕಾದವರು ತೆಗೆದುಕೊಳ್ಳಲಿ. ಯಾರು ತೆಗೆದುಕೊಂಡರು ಅಂತ ಎಲ್ಲರೆದುರು ಹೇಳಬೇಡಿ.

ಹಂತ 5: ಪಂದ್ಯದ ದಿನ

2016ರಿಂದ ಪಾಯಿಂಟ್‌ಗಳ ನಡುವೆಯೂ ಕೋಚ್ ಸಲಹೆ ಕೊಡಬಹುದು, ರ್‍ಯಾಲಿ ನಡೆಯುವಾಗ ಮಾತ್ರ ಕೂಡದು, ಆಟ ತಡವಾಗಲೂಬಾರದು. ಅವಕಾಶ ಇದೆ ಅಂತ ಪ್ರತಿ ಪಾಯಿಂಟ್‌ಗೂ ಕೂಗಿದರೆ ಮಗು ತಾನಾಗಿ ಯೋಚಿಸುವುದನ್ನೇ ನಿಲ್ಲಿಸುತ್ತದೆ. ಗೇಮ್‌ಗಳ ನಡುವೆ ಒಂದು ನಿಮಿಷ ಸಿಗುತ್ತದೆ, ಪಂದ್ಯಕ್ಕೆ ಒಂದು ಟೈಮ್ ಔಟ್ ಇದೆ. ಆಗ ಒಂದೋ ಎರಡೋ ಮಾತು ಸಾಕು: "ಉದ್ದ ಸರ್ವೀಸ್ ಬೇಡ, ಅವಳ ಫೋರ್‌ಹ್ಯಾಂಡ್ ಕಡೆ ಗಿಡ್ಡ ಹಾಕು."

ಅಂಪೈರ್ ತೀರ್ಪು ತಪ್ಪು ಅನ್ನಿಸಿದಾಗ ಏನು ಮಾಡಬೇಕು ಅನ್ನುವುದನ್ನು ಮೊದಲೇ ಹೇಳಿಕೊಡಿ. ಚೆಂಡು ತಾಗಿತೋ ಇಲ್ಲವೋ ಅನ್ನುವಂಥ ಕಣ್ಣಿಗೆ ಕಂಡ ವಿಷಯದಲ್ಲಿ ಅಂಪೈರ್ ಮಾತೇ ಕೊನೆ, ರೆಫರಿ (ಇಡೀ ಟೂರ್ನಿಯ ಹೊಣೆ ಇರುವ ಅಧಿಕಾರಿ) ಹತ್ತಿರ ಹೋಗುವಂತಿಲ್ಲ. ನಿಯಮದ ಅರ್ಥದ ಬಗ್ಗೆ ತಕರಾರಿದ್ದರೆ ರೆಫರಿಯನ್ನು ಕೇಳಬಹುದು. ಈ ವ್ಯತ್ಯಾಸ ಗೊತ್ತಿರುವ ಮಗು ಸುಮ್ನೆ ಜಗಳ ಆಡುವುದಿಲ್ಲ, ಕೇಳಬೇಕಾದ ಕಡೆ ಹೆದರದೆ ಕೇಳುತ್ತದೆ. "ಸರ್, ಒಂದ್ಸಲ ರೆಫರಿನ ಕರೀತೀರಾ?" ಅಷ್ಟೇ ಸಾಕು.

ಹಾಗೆಯೇ ನಮ್ಮ ಮಗುವಿಗೆ ತಪ್ಪಾಗಿ ಲಾಭವಾದಾಗ ಕೋಚ್ ಮುಖದಲ್ಲಿ ಏನಿರುತ್ತದೆ ಅನ್ನುವುದನ್ನು ಮಗು ನೋಡುತ್ತಿರುತ್ತದೆ. ನೀವು ಖುಷಿಪಟ್ಟರೆ ಅಲ್ಲಿವರೆಗೆ ಕಲಿಸಿದ್ದೆಲ್ಲ ಹೋಯಿತು.

ಪೋಷಕರ ಜೊತೆ ವರ್ಷಕ್ಕೊಮ್ಮೆ ಕೂತು ಮಾತಾಡಿ. ಗ್ಯಾಲರಿಯಿಂದ ಎದುರಾಳಿ ಮಗುವಿನ ಹೆಸರು ಹಿಡಿದು ಏನೂ ಕೂಗಬಾರದು, ಅಂಪೈರ್ ಜೊತೆ ಮಾತು ಕೋಚ್‌ದು ಮಾತ್ರ, ಅದೂ ಅಗತ್ಯ ಇದ್ದರೆ. ಸೋತ ಮಗುವಿಗೆ ಕಾರಿನಲ್ಲಿ ಮನೆಗೆ ಹೋಗುವಾಗ ಪಂದ್ಯದ ಪಾಠ ಮಾಡಬೇಡಿ ಅಂತಲೂ ಹೇಳಿ.

ಮಗು ಮೋಸ ಮಾಡಿದ್ದು ನಿಮಗೆ ಖಚಿತವಾಗಿ ಗೊತ್ತಾದರೆ? ಎಲ್ಲರೆದುರು ಬೈಯಬೇಡಿ, ಹಾಗಂತ ಬಿಡಲೂಬೇಡಿ. ಬದಿಗೆ ಕರೆದು ನೀವು ನೋಡಿದ್ದನ್ನು ನೇರವಾಗಿ ಹೇಳಿ. ಆ ಎದುರಾಳಿಯ ಹತ್ತಿರ ಮಗುವೇ ಹೋಗಿ ಮಾತಾಡಲಿ, ನೀವು ದೂರ ನಿಲ್ಲಿ. ಮರುದಿನ ಅದರ ಬಗ್ಗೆ ಮತ್ತೆ ಎತ್ತಬೇಡಿ.

ಹಂತ 6: ವಯಸ್ಸು ಮತ್ತು ಆಯ್ಕೆ

11, 13, 15, 17, 19 ವರ್ಷದೊಳಗಿನವರು ಅಂತ ವಿಭಾಗಗಳಿವೆ. ಒಂದು ವರ್ಷ ಕಡಿಮೆ ತೋರಿಸಿದರೆ ಪದಕ ಬಂತು ಅನ್ನುವ ಆಸೆ ಕೆಲವು ಪೋಷಕರಿಗೆ, ಬೇಸರದ ಮಾತೆಂದರೆ ಕೆಲವು ಕೋಚ್‌ಗಳಿಗೂ ಇರುತ್ತದೆ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ವಯಸ್ಸಿನ ವಂಚನೆ ತಡೆಯಲು ನಿಯಮಾವಳಿ ತಂದಿದೆ. ಸೇರುವ ದಿನವೇ ಮೂಲ ಜನನ ಪ್ರಮಾಣಪತ್ರ ನೋಡಿ ಪುಸ್ತಕದಲ್ಲಿ ದಿನಾಂಕ ಬರೆದುಕೊಳ್ಳಿ. ಹನ್ನೊಂದು ವರ್ಷದ ಮಗುವಿನ ಎದುರು ಹದಿಮೂರು ವರ್ಷದವನನ್ನು ನಿಲ್ಲಿಸುವುದು ಎಷ್ಟು ದೊಡ್ಡ ಅನ್ಯಾಯ ಅಂತ ಯೋಚಿಸಿ: ಆ ಚಿಕ್ಕ ಮಗು ತನ್ನ ಆಟದಲ್ಲೇ ಕೊರತೆ ಇದೆ ಅಂದುಕೊಂಡು ಬಿಟ್ಟುಹೋಗುತ್ತದೆ. ಕಡಿಮೆ ವಯಸ್ಸು ಹೇಳಿ ಆಡಿದ ಮಗು ಸದಾ ಒಂದು ಸುಳ್ಳು ಹೊತ್ತುಕೊಂಡಿರುತ್ತದೆ.

ತಂಡದ ಆಯ್ಕೆಗೆ ಮಾನದಂಡವನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ. ಎಷ್ಟು ಆಯ್ಕೆ ಪಂದ್ಯ, ಸಮ ಬಂದರೆ ಏನು, ಹಾಜರಾತಿಗೆ ಎಷ್ಟು ಬೆಲೆ. ಪ್ಯಾರಿಸ್ 2024ರ ಒಲಿಂಪಿಕ್ಸ್‌ಗೆ ಮಹಿಳಾ ತಂಡದ ಮೂರನೇ ಸ್ಥಾನಕ್ಕೆ ಬೆಂಗಳೂರಿನ ಅರ್ಚನಾ ಕಾಮತ್ ಆಯ್ಕೆಯಾದಾಗ, ಅದೇ ವರ್ಷ ವಿಶ್ವದ ನಂ. 1 ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದ್ದ ಐಹಿಕಾ ಮುಖರ್ಜಿ ಮೀಸಲು ಆಟಗಾರ್ತಿಯಾದರು, ಅದರ ಬಗ್ಗೆ ಸಾಕಷ್ಟು ಚರ್ಚೆ ಆಯಿತು. ಭಾರತ ಆ ಸಲ ಕ್ವಾರ್ಟರ್ ಫೈನಲ್‌ವರೆಗೆ ಹೋಯಿತು, ಜರ್ಮನಿ ಎದುರು ಭಾರತ ಗೆದ್ದ ಒಂದೇ ಪಂದ್ಯ ಅರ್ಚನಾ ಅವರದು. ಅಷ್ಟು ಮೇಲಿನ ಮಟ್ಟದಲ್ಲೇ ಆಯ್ಕೆ ಇಷ್ಟು ಸೂಕ್ಷ್ಮ ಅಂದಮೇಲೆ, ನಮ್ಮ ಹಾಲ್‌ನಲ್ಲಿ ಕೋಚ್ ಮನಸ್ಸಿನಲ್ಲಿರುವ ಲೆಕ್ಕದ ಮೇಲೆ ಆಯ್ಕೆ ಮಾಡಿದರೆ ಯಾವ ಪೋಷಕರು ಒಪ್ಪುತ್ತಾರೆ? ನೀವು ಯಾರಿಗಾದರೂ ದುಡ್ಡು ತೆಗೆದುಕೊಂಡು ಪ್ರತ್ಯೇಕವಾಗಿ ಕಲಿಸುತ್ತಿದ್ದರೆ ಆಯ್ಕೆಯಲ್ಲಿ ಇನ್ನೊಬ್ಬರನ್ನು ಸೇರಿಸಿಕೊಳ್ಳಿ.

ಕೊನೆಯದಾಗಿ, ನಮ್ಮದೇ ಇಬ್ಬರು ಮಕ್ಕಳು ಎದುರುಬದುರಾದಾಗ. "ಅವನಿಗೆ ರ‍್ಯಾಂಕಿಂಗ್ ಬೇಕು, ಬಿಟ್ಟುಕೊಡು" ಅನ್ನುವ ಮಾತು ನಿಮ್ಮ ಬಾಯಿಂದ ಬರಲೇಬಾರದು. 2021ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯ ಬಿಟ್ಟುಕೊಡಲು ಒತ್ತಡ ಬಂದಿತ್ತು ಅಂತ ಮಣಿಕಾ ಬಾತ್ರಾ ಮಾಡಿದ ಆರೋಪ ದೆಹಲಿ ಹೈಕೋರ್ಟ್‌ವರೆಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಕೋರ್ಟ್ ರಾಷ್ಟ್ರೀಯ ಫೆಡರೇಷನ್‌ನ ಆಡಳಿತವನ್ನೇ ಒಂದು ಸಮಿತಿಗೆ ವಹಿಸಿತು. ಮಕ್ಕಳ ಮಟ್ಟದಲ್ಲಿ ಕೋರ್ಟ್ ಬರುವುದಿಲ್ಲ, ಮಗು ಸುಮ್ಮನೆ ಹೇಳಿದಂತೆ ಕೇಳುತ್ತದೆ, ಅದು ಇನ್ನೂ ಕೆಟ್ಟದ್ದು. ಅಂಥ ಪಂದ್ಯದಲ್ಲಿ ಇಬ್ಬರ ಹಿಂದೆಯೂ ಕೂರಬೇಡಿ. ಹಿಂದಿನ ದಿನ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಇಬ್ಬರೂ ಗೆಲ್ಲಲೆಂದೇ ಆಡಬೇಕು ಅಂತ ಹೇಳಿ. ಪಂದ್ಯ ಆಗುವಾಗ ದೂರದ ಬೆಂಚಿನಿಂದ ನೋಡಿ ಇಬ್ಬರ ಬಗ್ಗೆಯೂ ಬರೆದುಕೊಳ್ಳಿ. ಆಮೇಲೆ ಸೋತವರ ಹತ್ತಿರ ಮೊದಲು ಹೋಗಿ, ಗೆದ್ದವರ ಹತ್ತಿರ ಆಮೇಲೆ, ಮುಂದಿನ ವಾರ ಏನು ಅಭ್ಯಾಸ ಮಾಡಬೇಕು ಅಂತ ಇಬ್ಬರಿಗೂ ಹೇಳಿ.